ಬಕಾಸುರನ ಸರದಿ

ಶಿಡ್ಲಘಟ್ಟದ ಕಡೆಯ ಹುಡುಗರಿಗೆ ಆಯುಧಗಳ ಅಭಾವವೆಂಬುದಿಲ್ಲ. ರೇಷ್ಮೆಹುಳು ಸೊಪ್ಪು ಮೇಯ್ದು ಬಿಟ್ಟ ಹಿಪ್ಪುನೇರಳೆ ಕಡ್ಡಿಗಳು ಹುಳುಮನೆಯ ಹಿಂದೆ ರಾಶಿ ಬಿದ್ದಿರುತ್ತವೆ. ಹಿರಿಯರ ಕಣ್ಣಿಗೆ ಅದು ಸೌದೆ. ಏಳು ವರ್ಷದವನ ಕಣ್ಣಿಗೆ ಖಡ್ಗ, ಕೋವಿ, ಒಮ್ಮೊಮ್ಮೆ ಭೀಮನ ಗದೆ.

ಭೀಮನೇ ಏಕೆಂದರೆ, ಚಿಂತಾಮಣಿ ತಾಲ್ಲೂಕಿನ ಕೈವಾರ ದೂರವಿಲ್ಲ. ಅದೇ ಏಕಚಕ್ರಪುರವೆಂದೂ, ಭೀಮಸೇನನು ಬಕಾಸುರನನ್ನು ಕೊಂದದ್ದು ಅಲ್ಲಿಯೇ ಎಂದೂ ಐತಿಹ್ಯ. ಕೊಂದ ಪಾಪದ ನಿವಾರಣೆಗಾಗಿ ಅವನು ಪ್ರತಿಷ್ಠಿಸಿದನೆನ್ನುವ ಭೀಮಲಿಂಗೇಶ್ವರನೂ ಅಲ್ಲಿದ್ದಾನೆ. ಹುಡುಗರು ಮಾತ್ರ ಪ್ರಾಯಶ್ಚಿತ್ತದ ಗೊಡವೆಗೆ ಹೋಗುವುದಿಲ್ಲ. ಒಂದು ಹಿಡಿ ಪುರಿಯೇ ಬಂಡಿ ಅನ್ನ. ಅದನ್ನು ತಿಂದು, ಬಕನ ಎದೆಯ ಮೇಲೆ ಕುಳಿತರೆ ಕಥೆ ಮುಗಿಯಿತು.

ಅಂಗಳದಿಂದ ‘ಸಾಯಿ!’ ಎಂಬ ಕೂಗು ಕೇಳಿದೊಡನೆ ಅಡಿಗೆಮನೆಯಲ್ಲಿ ತಾಯಿಯ ಸೌಟು ನಿಲ್ಲುತ್ತದೆ. ಈ ಮಗು ಮುಂದೆ ಏನಾದೀತು? ಮೊದಲು ಹಕ್ಕಿಗಳ ನಡವಳಿಕೆಯನ್ನು ಅಭ್ಯಸಿಸಿದ್ದ ಬ್ಲರ್ಟನ್ ಜೋನ್ಸ್ ಎಂಬ ವಿದ್ವಾಂಸರು ಅದೇ ತಾಳ್ಮೆಯಿಂದ ಇಂಗ್ಲೆಂಡಿನ ಶಿಶುವಿಹಾರದ ಮಕ್ಕಳನ್ನು ಗಮನಿಸಿ 1967ರಲ್ಲಿ ಬರೆದದ್ದು ಇಂಥ ತಾಯಂದಿರಿಗೆ ಉಪಯುಕ್ತ. ಅಟ್ಟಾಡಿಸಿ ಕೆಡವಿ ಹೊರಳಾಡುವ ಮಗುವಿನ ಮುಖದಲ್ಲಿ ನಗುವಿರುತ್ತದೆ. ನಿಜವಾದ ಜಗಳದಲ್ಲಿ ಹುಬ್ಬು ಗಂಟಿಕ್ಕಿರುತ್ತದೆ. ಜಗಳ ಮುಗಿದರೆ ಮಕ್ಕಳು ಚದರುತ್ತಾರೆ, ಆಟ ಮುಗಿದರೆ ಜೊತೆಯಲ್ಲೇ ಉಳಿಯುತ್ತಾರೆ. ಕೈಯ ಕಡ್ಡಿಯನ್ನು ನೋಡುವವರಿಗೆ ಈ ವ್ಯತ್ಯಾಸ ಕಾಣುವುದಿಲ್ಲ, ಮುಖ ನೋಡಬೇಕು. (ಕಡ್ಡಿಯನ್ನೂ ನೋಡಬೇಕೆನ್ನಿ, ಕಣ್ಣಿನ ಮಟ್ಟಕ್ಕೆ ಅದು ಏರಕೂಡದೆಂಬ ಕಟ್ಟಳೆ ಯಾವ ಮನೆಯಲ್ಲೂ ಸಡಿಲವಾಗಬಾರದು.)

ಗೌರಿಬಿದನೂರಿನ ಬಳಿಯ ವಿದುರಾಶ್ವತ್ಥದಲ್ಲಿ 1938ರ ಏಪ್ರಿಲ್ 25ರಂದು ಧ್ವಜ ಸತ್ಯಾಗ್ರಹಕ್ಕೆ ನೆರೆದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಅಲ್ಲಿಯ ಸ್ಮಾರಕವನ್ನು ನೋಡಿ ಬಂದ ಮಕ್ಕಳು ಅದನ್ನೇ ಆಟವಾಡಿದರೆ ಹಿರಿಯರಿಗೆ ಅಪಚಾರವೆನಿಸುವುದು ಸಹಜ. ಆದರೆ ಆಟದಲ್ಲಿ ಬಿದ್ದವನು ಮೈಕೊಡವಿ ಎದ್ದು ಮರುಗಳಿಗೆಯೇ ಪೊಲೀಸನಾಗುತ್ತಾನೆ. ಅಂದು ಪ್ರಾಣ ಬಿಟ್ಟವರು ಏಳಲಿಲ್ಲ. ಈ ಅಂತರ ಮಗುವಿಗೆ ತಿಳಿಯದೆಂದು ಭಾವಿಸುವುದು ಹಿರಿಯರ ಅವಸರ.

ಸರದಿ ಬದಲಾಗದಿದ್ದಾಗ ಮಾತ್ರ ಚಿಂತಿಸಬೇಕು. ಒಬ್ಬನೇ ಹುಡುಗ ದಿನವೂ ಬಕಾಸುರನಾದರೆ ಅದು ಆಟದ ಹೆಸರಿನಲ್ಲಿ ನಡೆಯುವ ಬೇರೆಯೇ ವ್ಯವಹಾರ.

ಶಿಡ್ಲಘಟ್ಟದ ಒಂದು ಮನೆಯಲ್ಲಿ ಹೀಗಾಯಿತು. ಬೆಳಗಿನಿಂದ ಗೂಡಿನ ಮಾರುಕಟ್ಟೆಯ ಗದ್ದಲದಲ್ಲಿ ಬೆಂದು ಬಂದಿದ್ದ ತಂದೆ ಅಂಗಳದ ಕಾಳಗವನ್ನು ಕಂಡು ಸಿಡಿದರು. ಕಡ್ಡಿಗಳನ್ನೆಲ್ಲ ಕಸಿದು ಮುರಿದು ಎಸೆದರು. ದೊಡ್ಡ ಹುಡುಗರು ತಲೆ ತಗ್ಗಿಸಿ ನಿಂತರು. ಎಲ್ಲರಿಗಿಂತ ಚಿಕ್ಕವನು ಮಾತ್ರ ಬಿಕ್ಕಿ ಬಿಕ್ಕಿ ಅಳತೊಡಗಿದನು. ಪೆಟ್ಟು ತಿಂದವನು ಇವನೇ ಎಂದು ತಂದೆ ಮೈಯೆಲ್ಲ ತಡವಿ ನೋಡಿದರು. ಎಲ್ಲಿಯೂ ಗಾಯವಿರಲಿಲ್ಲ.

“ರಜೆಯೆಲ್ಲ ನಾನೇ ಬಕಾಸುರ. ಇವತ್ತು ನನ್ನನ್ನು ಭೀಮ ಮಾಡಿದ್ದರು,” ಎಂದನು ಮಗು.

ತಂದೆ ಒಂದು ಕ್ಷಣ ಸುಮ್ಮನೆ ನಿಂತರು. ಬಳಿಕ ಹುಳುಮನೆಯ ಹಿಂದೆ ಹೋಗಿ, ರಾಶಿಯಲ್ಲಿ ಕೊಂಚ ದಪ್ಪನೆಯ ಕಡ್ಡಿಯೊಂದನ್ನು ಹುಡುಕತೊಡಗಿದರು.