ಬೆರಳು ಓದಿದ ನೋಟು

ದಸರಾ ರಜೆಯಲ್ಲಿ ಮೊಮ್ಮಗಳನ್ನು ಕರೆದುಕೊಂಡು ನಮ್ಮ ಕಡೆಯ ನಾಲ್ಕು ತಾಲ್ಲೂಕು ಸುತ್ತಿ ಬಂದೆ. ಜೊತೆಯಲ್ಲಿ ಅಜ್ಜಿಯೂ ಇದ್ದಳು. ಶಕ್ತಿ ಯೋಜನೆ ಬಂದ ಮೇಲೆ ಬಸ್ಸಿನಲ್ಲಿ ಅವರಿಬ್ಬರಿಗೂ ಸೊನ್ನೆ ಟಿಕೆಟ್ಟು. ಪರ್ಸು ಬಿಚ್ಚಬೇಕಾದವನು ನಾನೊಬ್ಬನೇ!

ಹೊರಟದ್ದು ಕೆ.ಆರ್. ನಗರದಿಂದ. ಹಿಂದೆ ಎಡತೊರೆ ಎನ್ನುತ್ತಿದ್ದ ಊರು, ಕಾವೇರಿ ದಡ, ಭತ್ತದ ಸೀಮೆ. ನಮ್ಮವ್ವ ಇಲ್ಲಿ ಕೊನೆಯವರೆಗೂ ಆಣೆಯಲ್ಲೇ ಲೆಕ್ಕ ಹಾಕಿದಳು. ರೂಪಾಯಿಗೆ 16 ಆಣೆ. 1957ರ ಏಪ್ರಿಲ್ 1ರಿಂದ ರೂಪಾಯಿಗೆ 100 ನಯಾಪೈಸೆ ಆಯಿತು. ಆಗ ಒಂದಾಣೆಗೆ ಆರೂಕಾಲು ಪೈಸೆ ಬೀಳಬೇಕು. ಕಾಲು ಪೈಸೆಯ ನಾಣ್ಯವೇ ಇಲ್ಲವಲ್ಲ, ಆ ಕಾಲು ಯಾರ ಪಾಲು? ‘ನಾಲ್ಕಾಣೆ’ ಎಂಬ ಮಾತು ಮಾತ್ರ 25 ಪೈಸೆಗೆ ಅಂಟಿಕೊಂಡು ಉಳಿಯಿತು. ಆ ನಾಣ್ಯವೂ 2011ರ ಜೂನ್ ಕೊನೆಗೆ ಚಲಾವಣೆ ನಿಲ್ಲಿಸಿತು.

ಹುಣಸೂರಿನ ದಾರಿಯಲ್ಲಿ ಕಂಡಕ್ಟರ್ ಚಿಲ್ಲರೆಯೆಂದು 50 ರೂಪಾಯಿಯ ನೀಲಿ ನೋಟು ಕೊಟ್ಟರು. ಹಿಂಬದಿಯಲ್ಲಿ ನಮ್ಮ ಹಂಪಿಯ ಕಲ್ಲಿನ ರಥ. ಪಕ್ಕದ ಪಟ್ಟಿಯಲ್ಲಿ 15 ಭಾಷೆಗಳು. ಮೇಲಿನಿಂದ ಎಣಿಸಿ, ಅಸ್ಸಾಮಿ, ಬಂಗಾಳಿ, ಗುಜರಾತಿ ಆದ ಮೇಲೆ ನಾಲ್ಕನೆಯದು ಕನ್ನಡ. ಮೊಮ್ಮಗಳು ಬಸ್ಸಿನಲ್ಲೇ ಗಟ್ಟಿಯಾಗಿ ಓದಿದಳು. ಮೈಸೂರಿನಲ್ಲೇ ನೋಟು ಅಚ್ಚಾಗುತ್ತದೆ, ಅದರ ಕಾಗದ ತಯಾರಿಸುವ ಕಾರ್ಖಾನೆಯೂ ಅಲ್ಲಿದೆ ಎಂದಾಗ ಅವಳು ನಂಬಲೇ ಇಲ್ಲ. ಆ ಕಾಗದ ಮರದ ತಿರುಳಿನದಲ್ಲ, ಹತ್ತಿಯದು. ಜೇಬಲ್ಲೇ ಉಳಿದು ಒಗೆತಕ್ಕೆ ಬಿದ್ದ ನೋಟು ಒಮ್ಮೊಮ್ಮೆ ಬದುಕಿ ಬರುವುದು ಅದಕ್ಕೇ.

ಹುಣಸೂರು, ಪಿರಿಯಾಪಟ್ಟಣ ಎರಡೂ ಹೊಗೆಸೊಪ್ಪಿನ ನಾಡು. ಈಗ ಹರಾಜಿನ ಹಣ ನೇರ ಬ್ಯಾಂಕಿಗೆ ಹೋಗುತ್ತದೆ, ನೋಟಿನ ಕಂತೆ ಕಾಣಿಸದು. ಬೈಲಕುಪ್ಪೆಯ ಟಿಬೆಟನ್ ಅಂಗಡಿಯಲ್ಲಿ ಚಹಾ ಕುಡಿದು ಎಚ್.ಡಿ. ಕೋಟೆಗೆ ತಿರುಗಿದೆವು.

ಕಾಡಂಚಿನ ರಸ್ತೆಯಲ್ಲಿ ನಾನು ಜೋಪಾನ ಮಾಡಿದ್ದ ಹಳೆಯ 10 ರೂಪಾಯಿ ನೋಟು ತೆಗೆದೆ. 1996ರಲ್ಲಿ ಬಂದ ಮಾದರಿ. ಹಿಂದೆ ಘೇಂಡಾಮೃಗ, ಆನೆ, ಹುಲಿ. “ತಾತ, ಇದರಲ್ಲಿ ಎರಡು ನಮ್ಮ ನಾಗರಹೊಳೆಯವು!” ಎಂದಳು. ಘೇಂಡಾಮೃಗ ನೋಡಲು ಅಸ್ಸಾಮಿಗೆ ಹೋಗಬೇಕೆಂದೆ. ಈಗಲೇ ಹೋಗೋಣ ಎಂದು ಹಠ ಹಿಡಿದಳು.

ಕೋಟೆಯ ಪೇಟೆಯಲ್ಲಿ ಒಬ್ಬ ಅಜ್ಜಿ ಸೊಪ್ಪು ಮಾರುತ್ತಿದ್ದರು. ಎರಡು ಕಟ್ಟು ದಂಟು ಕೊಂಡು 20 ರೂಪಾಯಿ ಕೊಟ್ಟೆ. ಅವರು ನೋಟನ್ನು ಕಣ್ಣಿಗೆ ಹಿಡಿಯಲಿಲ್ಲ. ಅಂಚಿನ ಮೇಲೆ ಹೆಬ್ಬೆರಳು ಉಜ್ಜಿ, ಉದ್ದವನ್ನು ಗೇಣಿನಲ್ಲಿ ನೋಡಿ, “ಸ್ವಾಮಿ, ಇದು ಇಪ್ಪತ್ತಲ್ಲ, ಇನ್ನೂರು. ತಕ್ಕಳಿ” ಎಂದು ಹಿಂದಕ್ಕೆ ಚಾಚಿದರು.

ಎರಡೂ ಹಳದಿ ಛಾಯೆಯವು. ಕನ್ನಡಕ ಹಾಕಿದ ನಾನೇ ಮೋಸಹೋಗಿದ್ದೆ. ಅವರಿಗೆ ಎರಡೂ ಕಣ್ಣು ಮಂಜಂತೆ.

ಮೊಮ್ಮಗಳು ಜಾಮಿಟ್ರಿ ಪೆಟ್ಟಿಗೆಯ ಸ್ಕೇಲು ತೆಗೆದಳು. 20ರ ನೋಟು 129 ಮಿಲಿಮೀಟರ್, 200ರದು 146. ಇನ್ನೂರರ ಅಂಚಿನಲ್ಲಿ ಉಬ್ಬಿದ ನಾಲ್ಕು ಓರೆಗೆರೆ, ನಡುವೆ ಎರಡು ಸೊನ್ನೆ. ನೂರಕ್ಕೆ ನಾಲ್ಕೇ ಗೆರೆ, ಐನೂರಕ್ಕೆ ಐದು. ಕಣ್ಣು ಕಾಣದವರಿಗೆಂದೇ ಇಟ್ಟ ಗುರುತುಗಳಿವು. ಇಪ್ಪತ್ತರಲ್ಲಿ ಆ ಗೆರೆಗಳಿಲ್ಲ.

“ಹೊಸ ನೋಟಾದರೆ ಬೆರಳಿಗೆ ತಿಳೀತದೆ ಮಗ. ಸವೆದು ಮೆತ್ತಗಾದರೆ ಏನೂ ತಿಳಿಯಲ್ಲ. ಅವನ್ನು ಬೇರೆ ಗಂಟು ಕಟ್ಟಿ ಸಂಜೆ ಮನೇಲಿ ತೋರುಸ್ತೀನಿ” ಎಂದರು ಅಜ್ಜಿ. ಒಂದು ಸಂಜೆ ಆ ಗಂಟಿನಲ್ಲಿ ನೂರೆಂದುಕೊಂಡದ್ದು ಹತ್ತಾಗಿತ್ತಂತೆ. ಕೊಟ್ಟವರು ಯಾರೋ, ಬೇಕೆಂದು ಕೊಟ್ಟರೋ ಇಲ್ಲವೋ, ಅವರು ಹೇಳಲಿಲ್ಲ.

ನಾನು ಪರ್ಸು ತಡಕಾಡಿ ಇದ್ದುದರಲ್ಲಿ ಗರಿಗರಿಯಾದ ಎರಡು ಹತ್ತರ ನೋಟು ಆರಿಸಿ ಕೊಟ್ಟೆ. ಮರಳುವ ಬಸ್ಸಿನಲ್ಲಿ ಮೊಮ್ಮಗಳು ಕಣ್ಣು ಮುಚ್ಚಿಕೊಂಡು ಆ ಇನ್ನೂರರ ಅಂಚನ್ನು ಉಜ್ಜುತ್ತಲೇ ಕೂತಿದ್ದಳು. ಹುಣಸೂರು ಬರುವಷ್ಟರಲ್ಲಿ ನಾಲ್ಕು ಗೆರೆ ಸಿಕ್ಕಿದ್ದವು. ಸೊನ್ನೆ ಇನ್ನೂ ಸಿಕ್ಕಿರಲಿಲ್ಲ.