ಜಿನೀವಾ ಮತ್ತು ಎಣ್ಮಕಜೆ

ಬಿಎಸ್ಸಿ ಓದುವಾಗ ಶುಕ್ರವಾರ ಊಟದ ಬಳಿಕ ನಾವು ಕೆಲವರು ಖಾಲಿ ಕ್ಲಾಸಿನಲ್ಲಿ ಸೇರುತ್ತಿದ್ದೆವು. ಅಧ್ಯಾಪಕರಿಲ್ಲ, ಹಾಜರಿಯಿಲ್ಲ. ವಿಷಯ, ವಿಶ್ವಸಂಸ್ಥೆ 2015ರಲ್ಲಿ ಒಪ್ಪಿದ 17 ಸುಸ್ಥಿರ ಅಭಿವೃದ್ಧಿ ಗುರಿಗಳು. ಮಾತೆಲ್ಲ ಆಫ್ರಿಕದ ಬಡತನದ ಸುತ್ತಲೇ. ಅಂತಾರಾಷ್ಟ್ರೀಯ ಎಂದರೆ ದೂರದ್ದು ಎಂಬ ಲೆಕ್ಕ!

ಒಂದು ದಿನ ಎಣ್ಮಕಜೆ ಕಡೆಯ ಗೆಳತಿಯೊಬ್ಬಳು ಎಂಡೋಸಲ್ಫಾನ್ ವಿಷಯ ಎತ್ತಿದಳು. ನಮ್ಮ ಗೇರು ತೋಟಗಳ ಮೇಲೆ 20 ವರ್ಷಕ್ಕೂ ಹೆಚ್ಚು ಕಾಲ ಹೆಲಿಕಾಪ್ಟರಿನಿಂದ ಸಿಂಪಡಿಸಿದ ಕೀಟನಾಶಕವದು. 2011ರ ಏಪ್ರಿಲಿನಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ದೇಶಗಳು ಜಿನೀವಾದಲ್ಲಿ ಸೇರಿ ಅದನ್ನು ಜಗತ್ತಿನಿಂದಲೇ ತೊಲಗಿಸಲು ತೀರ್ಮಾನಿಸಿದವು, ಕೆಲವು ಬೆಳೆಗಳಿಗೆ ತಾತ್ಕಾಲಿಕ ವಿನಾಯಿತಿ ಇಟ್ಟುಕೊಂಡೇ. ಮರುತಿಂಗಳು ಸುಪ್ರೀಂ ಕೋರ್ಟ್ ದೇಶದಾದ್ಯಂತ ತಡೆ ಹಾಕಿತು.

"ವಿಷ ನಿಂತಿತು, ಸರಿ. ಅಣ್ಣನನ್ನು ಈಗಲೂ ಎತ್ತಿ ಸ್ನಾನ ಮಾಡಿಸುವ ನನ್ನ ಅಮ್ಮ ಈ 17ರಲ್ಲಿ ಎಲ್ಲಿದ್ದಾಳೆ?" ಎಂದಳು.

ಮೂರನೆಯ ಗುರಿ ಆರೋಗ್ಯ ಅಂತ ಯಾರೋ ಓದಿದರು. ಅವಳು ನಕ್ಕಳು.

ನನ್ನ ಮಟ್ಟಿಗೆ ಚರ್ಚೆ ಶುರುವಾದದ್ದೇ ಅಂದು. ಮುಂದಿನ ಶುಕ್ರವಾರ ಅವಳು ಪರಿಹಾರದ ಕಾಗದಪತ್ರ ತಂದಳು. ಎಲ್ಲವೂ ಮಲಯಾಳದಲ್ಲಿ, ಅಮ್ಮನಿಗೆ ಬರುವುದು ತುಳು, ಕನ್ನಡ. ಗುರಿಗಳ ಪಟ್ಟಿ ಬದಿಗಿಟ್ಟು, ಆ ಗಂಟೆಯಿಡೀ ಅದನ್ನು ಸಾಲುಸಾಲಾಗಿ ಕನ್ನಡಕ್ಕೆ ತಂದೆವು. ಗಂಟೆ ಹೊಡೆದಾಗ ಇನ್ನೂ ಎರಡು ಪುಟ ಉಳಿದಿತ್ತು.