ಅಮ್ಮ ಕುಡಿಯದ ಪುನರ್ಪುಳಿ ಸಿರಪ್

ಬೆಂಗಳೂರಿನಲ್ಲಿರುವ ದಕ್ಷಿಣ ಕನ್ನಡದವರ ಫ್ರಿಡ್ಜ್ ಅನ್ನು ಮೇ ತಿಂಗಳಲ್ಲಿ ಒಮ್ಮೆ ತೆರೆದು ನೋಡಿ. ಹಳೇ ಸ್ಕ್ವಾಷ್ ಬಾಟಲಿಯಲ್ಲಿ ಕಡುಕೆಂಪು ಬಣ್ಣದ್ದೊಂದು ಸಿರಪ್ ಇರೋ ಸಾಧ್ಯತೆ ಜಾಸ್ತಿ. ಮುಚ್ಚಳಕ್ಕೆ ಪ್ಲಾಸ್ಟಿಕ್ ಕಟ್ಟಿಸಿಕೊಂಡು, ಪೇಪರ್ ಸುತ್ತಿಸಿಕೊಂಡು, ರಾತ್ರಿ ಬಸ್ಸಲ್ಲಿ ಊರಿಂದ ಬಂದಿರುತ್ತೆ. ನಾವು ಅದನ್ನು ಪುನರ್ಪುಳಿ ಅಂತೀವಿ. ಉತ್ತರ ಕನ್ನಡದವರಿಗೆ ಅದು ಮುರುಗಲು, ಅಂಗಡಿಯಲ್ಲಿ ಕೋಕಂ.

ಸುಳ್ಯದ ಹತ್ತಿರದ ನಮ್ಮ ಮನೆ ಹಿಂದೆ ಇದರದ್ದೊಂದು ಮರ ಉಂಟು. ಅಮ್ಮ ಪ್ರತಿವರ್ಷ ಹತ್ತು ಬಾಟಲಿ ಮಾಡ್ತಾಳೆ. ನನಗೆ, ಅಕ್ಕನಿಗೆ, ಚಿಕ್ಕಮ್ಮನಿಗೆ, ಪಕ್ಕದ ಮನೆಗೆ. ತನಗೆ ಒಂದೂ ಇಲ್ಲ. ಒಂಬತ್ತು ವರ್ಷದಿಂದ ಅವಳಿಗೆ ಸಕ್ಕರೆ ಕಾಯಿಲೆ.

ಈ ಸಲ ಬೆರಳಿನ ಗಂಟುಗಳು ಊದಿಕೊಂಡು ಚಾಕು ಹಿಡಿಯೋದೇ ಕಷ್ಟವಾಗಿತ್ತು. ಫೋನಲ್ಲಿ, "ಈ ವರ್ಷ ಆಗ್ಲಿಕ್ಕಿಲ್ಲ ಮಾರಾಯ, ಹಣ್ಣು ಬಿದ್ದು ಹಾಳಾಗ್ಲಿ" ಅಂದಳು. ಹಲಸಿನ ಬೀಜವನ್ನೂ ಬಿಸಾಡದ ಹೆಂಗಸು ಹಾಗಂದದ್ದು ನನ್ನನ್ನು ತುಂಬಾ ಕಾಡಿತು. ನಾಲ್ಕು ದಿನ ರಜೆ, ನಾಲ್ಕು ದಿನ ವರ್ಕ್ ಫ್ರಮ್ ಹೋಮ್ ಹಾಕಿ ಊರಿಗೆ ಹೊರಟೆ.

ಕೆಲಸ ಸರಳ, ಆದರೆ ಆತುರ ನಡೆಯಲ್ಲ. ಪೂರ್ತಿ ಕಪ್ಪುಕೆಂಪಾದ ಹಣ್ಣೇ ಆಗಬೇಕು. ತೊಳೆದು, ಒರೆಸಿ, ನೀರಿನ ಪಸೆ ಆರಿದ ಮೇಲೆ ಎರಡು ಹೋಳು ಮಾಡಬೇಕು. ಬೀಜ ಬೇರೆ, ಸಿಪ್ಪೆ ಬೇರೆ. ಗಾಜಿನ ಭರಣಿಯಲ್ಲಿ ಒಂದು ಪದರ ಸಿಪ್ಪೆ, ಒಂದು ಪದರ ಸಕ್ಕರೆ. ಅಮ್ಮನದ್ದು ಕೈ ಅಂದಾಜು. ನಾನು ತೂಕ ಹಾಕಿ ನೋಡಿದೆ: ಒಂದು ಕೆಜಿ ಸಿಪ್ಪೆಗೆ ಹೆಚ್ಚುಕಮ್ಮಿ ಎರಡು ಕೆಜಿ ಸಕ್ಕರೆ. ಬಾಯಿಗೆ ಬಟ್ಟೆ ಕಟ್ಟಿ ಒಂದು ವಾರ ಬಿಸಿಲಿಗಿಡಬೇಕು, ದಿನಾ ಒಣ ಸೌಟಲ್ಲಿ ಕೈಯಾಡಿಸಬೇಕು. ಸಕ್ಕರೆ ಸಿಪ್ಪೆಯೊಳಗಿನ ರಸವನ್ನು ತಾನೇ ಎಳೆದುಕೊಳ್ಳುತ್ತೆ, ಒಂದು ತೊಟ್ಟು ನೀರೂ ಹಾಕೋದು ಬೇಡ. ಆಮೇಲೆ ಬಟ್ಟೆಯಲ್ಲಿ ಸೋಸಿದರಾಯ್ತು. ಅಲ್ಯೂಮಿನಿಯಂ ಪಾತ್ರೆಗೆ ಮಾತ್ರ ಹಾಕಬೇಡಿ, ಹುಳಿ ಲೋಹವನ್ನು ತಿನ್ನುತ್ತೆ.

"ಇಷ್ಟು ಸಕ್ಕರೆ ಯಾಕಮ್ಮ, ಕಮ್ಮಿ ಮಾಡೋಣ" ಅಂದೆ. "ಕಮ್ಮಿ ಮಾಡಿದ್ರೆ ಬೂಸು ಬರ್ತದೆ" ಅಂದಳು. ಮಾತು ಸರಿಯೇ. ಆ ಸಕ್ಕರೆಯೇ ಬೂಷ್ಟು ಬೆಳೆಯೋಕೆ ಬೇಕಾದ ನೀರನ್ನು ಹಿಡಿದಿಡುವುದು. ಆದರೆ ಲೆಕ್ಕ ಹಾಕಿ ನೋಡಿ: ಒಂದು ಲೋಟ ಶರಬತ್ತಿಗೆ 30 ಮಿ.ಲೀ. ಸಿರಪ್ ಹಾಕಿದರೆ ಸುಮಾರು 25 ಗ್ರಾಂ ಸಕ್ಕರೆ. ದಿನಕ್ಕೆ ಅಷ್ಟರೊಳಗೇ ಇದ್ದರೆ ಒಳ್ಳೇದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳೋ ಪ್ರಮಾಣ ಒಂದೇ ಲೋಟಕ್ಕೆ ಮುಗೀತು. ಪಿತ್ತಕ್ಕೆ ಒಳ್ಳೇದು, ದೇಹಕ್ಕೆ ತಂಪು ಅಂತ ನಾವು ಎಷ್ಟೇ ಹೇಳಿಕೊಂಡರೂ ಇದು ಔಷಧಿಯಲ್ಲ, ಸಿಹಿ ಪಾನೀಯ. ಅಮ್ಮನಿಗೆ ಇದು ಲೆಕ್ಕವಿಲ್ಲದೇ ಗೊತ್ತಿತ್ತು.

ಅದಕ್ಕೇ ಈ ಸಲ ಒಂದಿಷ್ಟು ಸಿಪ್ಪೆ ಬೇರೆ ತೆಗೆದಿಟ್ಟೆ. ಉಪ್ಪು ಸವರಿ ಗರಿಗರಿಯಾಗಿ ಒಣಗಿಸಿದೆವು. ನಾಲ್ಕೈದು ಸಿಪ್ಪೆ ನೀರಲ್ಲಿ ಅರ್ಧ ಗಂಟೆ ನೆನೆಸಿ, ಕಿವುಚಿ, ಹುರಿದ ಜೀರಿಗೆ ಪುಡಿ ಹಾಕಿದರೆ ಸಕ್ಕರೆ ಇಲ್ಲದ ಪುನರ್ಪುಳಿ ನೀರು. ಬಣ್ಣ ಅದೇ, ಹುಳಿ ಅದೇ. ಅಮ್ಮ ಮೊದಲು, "ಇದೆಂತ ಸಾರಿನ ಹಾಗೆ" ಅಂದಳು. ಮರುದಿನ ಮಧ್ಯಾಹ್ನ ಕೇಳದೇ ತಾನೇ ಮಾಡಿಕೊಂಡಿದ್ದಳು. ಬೀಜಗಳನ್ನೂ ಒಣಗಿಸಿಟ್ಟಿದ್ದಾಳೆ, ಅದರಿಂದ ತೆಗೆಯೋ ಪುನರ್ಪುಳಿ ತುಪ್ಪ ಒಡೆದ ಹಿಮ್ಮಡಿಗೆ ಬೇಕಂತೆ.

ಈ ವರ್ಷ ಆರೇ ಬಾಟಲಿ ಆಯ್ತು. ಹಣ್ಣು ಬಿಡಿಸಿದ್ದು ನಾನಾದರೂ, ಯಾರಿಗೆ ಎಷ್ಟು ಅಂತ ಹಂಚಿದ್ದು ಅವಳೇ. ಅಳತೆ ಈಗ ನನ್ನ ಫೋನಿನ ನೋಟ್ಸ್‌ನಲ್ಲಿದೆ. ಆದರೆ ಸಿಪ್ಪೆ ಎಷ್ಟು ಮುದುಡಿದಾಗ ಸೋಸಬೇಕು ಅನ್ನೋದನ್ನು ಬರೆದಿಡೋಕಾಗಲಿಲ್ಲ, ಅವಳ ಪಕ್ಕ ನಿಂತು ನೋಡಬೇಕಾಯ್ತು.

ನಿಮ್ಮ ಮನೆಯಿಂದಲೂ ಇಂಥದ್ದೊಂದು ಬಾಟಲಿಯೋ ಉಪ್ಪಿನಕಾಯಿಯೋ ಬರುತ್ತಿದ್ದರೆ, ಮುಂದಿನ ರಜೆಯನ್ನು ಹಬ್ಬಕ್ಕೆ ಹಾಕೋ ಬದಲು ಅದು ತಯಾರಾಗೋ ವಾರಕ್ಕೆ ಹಾಕಿ ನೋಡಿ. ಪುನರ್ಪುಳಿಗಾದರೆ ಮಳೆ ಹಿಡಿಯೋ ಮೊದಲೇ ಹೋಗಿ. ಬಿಸಿಲು ಬೇಕು.